ಗಾಜಿಗೆ ಕಾಣದ ಗೆರೆ

ಅಥಣಿಯಿಂದ ಕೃಷ್ಣೆಯನ್ನು ದಾಟಿ ತೆಂಕಣಕ್ಕೆ ಹೋದರೆ ಜಮಖಂಡಿ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ನಮ್ಮ ಚಿಕ್ಕೋಡಿ, ರಾಯಬಾಗದ ಕಡೆಗೂ ಹಾಡುಹಗಲೇ ಕತ್ತಲೆ. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ವರ್ಣದರ್ಶಕವನ್ನು ಹೂಡಿಕೊಂಡು ಕಾದಿದ್ದನು. ಮೋಡ ಅಡ್ಡಬಂದು ಕಾಡಿತು. ಅದು ಸರಿದ ಕ್ಷಣದಲ್ಲಿ, ಸೂರ್ಯನ ಅಂಚಿನ ಜ್ವಾಲೆಯಿಂದ ಮೂರು ಗೆರೆಗಳು ಹೊಳೆದವು: ಕೆಂಪು, ಕಿತ್ತಳೆ, ನೀಲಿ.

ಅದೇ ಗ್ರಹಣವನ್ನು ಗುಂಟೂರಿನಲ್ಲಿ ಮೇಜರ್ ಟೆನಂಟನು ಗಾಜಿನ ಫಲಕಗಳ ಮೇಲೆ ಹಿಡಿಸಿದನು. ಆ ಕಾಲದ ಫಲಕವೆಂದರೆ ಸಾಮಾನ್ಯ ತೊಡಕಲ್ಲ! ತೊಳೆದ ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಕತ್ತಲೆಕೋಣೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಬಿಂಬವನ್ನು ಹಿಡಿಯಬೇಕು, ಒಣಗಿತೋ, ಕೆಟ್ಟಿತು. ಕೂಡಲೇ ಅನ್ನಭೇದಿಯ ನೀರೆರೆದು ಚಿತ್ರವನ್ನು ಮೂಡಿಸಿ, ಹೈಪೋದಲ್ಲಿ ತೊಳೆದು ನಿಲ್ಲಿಸಬೇಕು. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುವುದೆಂದು 1819ರಲ್ಲಿ ಕಂಡವನು ಈ ಹರ್ಷೆಲನ ತಂದೆಯೇ!

ಆದರೆ ಆ ಹಸಿ ಫಲಕವು ನೀಲಿ, ನೇರಿಳೆಗಳನ್ನು ಮಾತ್ರ ಬಲ್ಲದು. ಕೆಂಪು ಕಿತ್ತಳೆಗಳಿಗೆ ಕುರುಡು. ಜಮಖಂಡಿಯ ಕಿತ್ತಳೆ ಗೆರೆಗೆ ಕಣ್ಣೊಂದೇ ಸಾಕ್ಷಿ. ಹರ್ಷೆಲ್ ಅದನ್ನು ಸೋಡಿಯಂನ ಗೆರೆಯೆಂದೇ ಬಗೆದನು. ತಪ್ಪೇನೋ ಹೌದು, ಆದರೆ ಮೋಡದ ಸಂದಿನಲ್ಲಿ ಅಳೆಯಲು ಅವನಿಗೆ ಎಷ್ಟು ಹೊತ್ತು ದೊರೆತೀತು? ಅದು ಸೋಡಿಯಂನದಲ್ಲವೆಂದು ಮುಂದೆ ತಿಳಿಯಿತು. ಲಾಕಿಯರ್ ಅದರ ಮೂಲಕ್ಕೆ ಹೀಲಿಯಂ ಎಂದು ಹೆಸರಿಟ್ಟನು. ಭೂಮಿಯ ಮೇಲೆ ಅದು ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ.