ಕತ್ತರಿಸಿ ಅಂಟಿಸಿದ ಅಕ್ಷರಗಳು

ಅಕ್ಷರವೆಂದರೆ ಬರೆಯುವಂಥದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ಲೇಖನಿ, ಮಸಿ, ಕಾಗದ ಈ ಮೂರು ಇದ್ದರೆ ಬರಹ ಸಿದ್ಧ. ಆದರೆ ಒಂದೊಂದು ಅಕ್ಷರವನ್ನೂ ಕಾಗದದಿಂದ ಚೂರಿಯಲ್ಲಿ ಕೊರೆದು, ಅದನ್ನು ಎತ್ತಿ ಇನ್ನೊಂದು ಬಣ್ಣದ ಕಾಗದದ ಮೇಲೆ ಅಂಟಿಸಿ, ಇಡೀ ಗ್ರಂಥವನ್ನೇ 'ಬರೆದ' ಜನ ಹಿಂದೆ ಇದ್ದರು. ಇಂದು ಮದುವೆಯ ಕರೆಯೋಲೆಯ ಮೇಲೋ ಈದ್ ಶುಭಾಶಯ ಪತ್ರದ ಮೇಲೋ ಯಂತ್ರದಲ್ಲಿ ಕೊರೆದ ಹೊಂಬಣ್ಣದ ಅಕ್ಷರಗಳನ್ನು ಕಂಡರೆ, ಇದು ಹೊಸ ಕಾಲದ ಫ್ಯಾಷನ್ ಎಂದುಕೊಳ್ಳುತ್ತೇವೆ. ಅದರ ಹಿಂದೆ ಐದು ಶತಮಾನಗಳಿಗೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸದೊಳಗೆ ಒಂದು ಪ್ರಶ್ನೆಯೂ ಇದೆ. ಅಕ್ಷರ ಯಾರದು? ಹೇಳಿದವನದೋ, ಬರೆದವನದೋ, ಕತ್ತರಿಸಿ ಅಂಟಿಸಿದವನದೋ?

ಮೊದಲು ಪದವನ್ನೇ ನೋಡೋಣ. ಅರಬಿಯಲ್ಲಿ 'ಕತಅ' ಎಂದರೆ ಕತ್ತರಿಸುವುದು. ಉರ್ದು ಕಾವ್ಯ ಬಲ್ಲವರಿಗೆ ಗಝಲಿನ ಕೊನೆಯ ದ್ವಿಪದಿಯಾದ 'ಮಕ್ತಾ' ಗೊತ್ತು. ಕವಿತೆಯನ್ನು ತುಂಡರಿಸಿ ಮುಗಿಸುವ ಜಾಗ ಎಂಬುದೇ ಅದರ ಅರ್ಥ. ಕವಿತೆಯ ತುಣುಕಾದ 'ಕಿತಾ' ಕೂಡ ಅದೇ ಧಾತುವಿನಿಂದ ಬಂದದ್ದು. ಸುಂದರ ಲಿಪಿಯಲ್ಲಿ ಬರೆದ ಬಿಡಿ ಹಾಳೆಗೂ ಅದೇ ಹೆಸರಿತ್ತು. ಅಂಥ ಹಾಳೆಗಳನ್ನು ಸೇರಿಸಿ ಅಂಟಿಸಿದ ಸಂಪುಟಕ್ಕೆ 'ಮುರಕ್ಕಾ' ಎನ್ನುತ್ತಿದ್ದರು. ತೇಪೆ ಹಾಕಿದ್ದು ಎಂದು ಅದರ ಅರ್ಥ. ಬಿದಿರು ಜಾತಿಯ ಜೊಂಡಿನ ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸಲು ಇಟ್ಟುಕೊಳ್ಳುತ್ತಿದ್ದ ದಂತದ ಅಥವಾ ಮೂಳೆಯ ಪಟ್ಟಿಯನ್ನೂ ತುರ್ಕರು 'ಮಕ್ತಾ' ಎಂದೇ ಕರೆದರು. ಅಂದರೆ ಕತ್ತರಿಸದೆ ಬರಹವೇ ಇಲ್ಲ. ಮಸಿ ಕಾಗದಕ್ಕೆ ತಾಗುವ ಮೊದಲೇ ಚೂರಿ ತನ್ನ ಕೆಲಸ ಮಾಡಿರುತ್ತದೆ.

ಕತ್ತರಿಯಿಂದಲೇ ಬರೆಯುವ ವಿಚಾರ ಸ್ಪೇನಿನಲ್ಲೂ ಕಾಣಸಿಗುತ್ತದೆ. ಕ್ಯಾಸ್ಟೀಲಿನ ಯಹೂದಿ ವಿದ್ವಾಂಸ ಶೆಮ್ ತೋವ್ ಆರ್ದುತಿಯೆಲ್ 1345ರಲ್ಲಿ ಲೇಖನಿಗೂ ಕತ್ತರಿಗೂ ನಡೆಯುವ ವಾದವನ್ನು ಹೀಬ್ರೂ ಭಾಷೆಯಲ್ಲಿ ಬರೆದನು. ಅರಬಿ ಸಾಹಿತ್ಯದಿಂದ ಬಂದ ಪ್ರಾಸಬದ್ಧ ಗದ್ಯದ 'ಮಕಾಮಾ' ಪ್ರಕಾರದಲ್ಲಿ ಅದು ರಚಿತವಾಗಿದೆ. ಕಡು ಚಳಿಗಾಲದಲ್ಲಿ ದೌತಿಯೊಳಗಿನ ಮಸಿ ಹೆಪ್ಪುಗಟ್ಟಿ ಲೇಖನಿ ಕೈಕೊಡುತ್ತದೆ. ಆಗ ಬರಹಗಾರ ಕತ್ತರಿ ಹಿಡಿದು ಕಾಗದದಲ್ಲಿ ಅಕ್ಷರಗಳನ್ನು ಕೊರೆಯುತ್ತಾನೆ. ನಾನೇ ಹೆಚ್ಚೆಂದು ಎರಡೂ ಜಗಳಕ್ಕೆ ನಿಲ್ಲುತ್ತವೆ. ಕೊನೆಗೆ ತೀರ್ಪು ಲೇಖನಿಯ ಕಡೆಗೇ ಬೀಳುತ್ತದೆ. ಅದು ತಮಾಷೆಯ ಬರಹವಿರಬಹುದು, ಒಳಗೊಂದು ಗೂಢಾರ್ಥವೂ ಇರಬಹುದು. ಆದರೆ ಕತ್ತರಿಯ ಪಾಲಿಗೆ ಅಂದು ಬಂದ ತೀರ್ಪು ಮುಂದಿನ ಶತಮಾನಗಳಲ್ಲೂ ಹೆಚ್ಚು ಬದಲಾಗಲಿಲ್ಲ.

ಈ ಕಲೆ ತನ್ನ ಶಿಖರ ಮುಟ್ಟಿದ್ದು ಇಂದಿನ ಅಫ್ಘಾನಿಸ್ತಾನದ ಹೆರಾತ್ ನಗರದಲ್ಲಿ. ತೈಮೂರನ ವಂಶದ ಸುಲ್ತಾನ್ ಹುಸೇನ್ ಬೈಕರಾ 1469ರಿಂದ 1506ರವರೆಗೆ ಅಲ್ಲಿ ಆಳಿದನು. ಕವಿಗಳಾದ ಜಾಮಿ ಮತ್ತು ಅಲಿಶೇರ್ ನವಾಯಿ, ಚಿತ್ರಕಾರ ಬೆಹ್ಝಾದ್, ನಸ್ತಾಲಿಕ್ ಲಿಪಿಯ ಮೇರುಪುರುಷ ಸುಲ್ತಾನ್ ಅಲಿ ಮಶ್ಹದಿ ಎಲ್ಲರೂ ಬೆಳಗಿದ್ದು ಆ ಕಾಲದಲ್ಲಿ, ಆ ನಗರದಲ್ಲಿ. ಸುಲ್ತಾನನೂ ಕವಿ. 'ಹುಸೇನಿ' ಎಂಬ ಕಾವ್ಯನಾಮದಲ್ಲಿ ಚಗತಾಯಿ ತುರ್ಕಿ ಭಾಷೆಯಲ್ಲಿ ಪದ್ಯ ಕಟ್ಟುತ್ತಿದ್ದನು. ಅವನ ದಿವಾನಿನ ಒಂದು ಪ್ರತಿ ಸುಮಾರು 1490ರ ಹೊತ್ತಿಗೆ ಸಿದ್ಧವಾಯಿತು. ಅದರ ಪದ್ಯಗಳನ್ನು ಮಸಿಯಲ್ಲಿ ಬರೆದಿಲ್ಲ. ಬಣ್ಣದ ಕಾಗದದಿಂದ ನಸ್ತಾಲಿಕ್ ಅಕ್ಷರಗಳನ್ನು ಕೊರೆದು ತೆಗೆದು, ಬೇರೆ ಬಣ್ಣದ ಕಾಗದದ ಮೇಲೆ ಸಾಲುಸಾಲಾಗಿ ಅಂಟಿಸಲಾಗಿದೆ. ಅದರ ಹೆಚ್ಚಿನ ಭಾಗ ಇಸ್ತಾಂಬುಲಿನ ತುರ್ಕಿ ಮತ್ತು ಇಸ್ಲಾಮಿ ಕಲೆಗಳ ಮ್ಯೂಸಿಯಮ್ಮಿನಲ್ಲಿದೆ. ಚದುರಿಹೋದ ಹಾಳೆಗಳಲ್ಲಿ ಕೆಲವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮನ್ನು ಸೇರಿವೆ.

ಇದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಬೇಕಾದರೆ ನಸ್ತಾಲಿಕ್ ಲಿಪಿಯ ಸ್ವಭಾವ ಗೊತ್ತಿರಬೇಕು. ಅದರ ಗೆರೆ ಒಂದೇ ಅಕ್ಷರದೊಳಗೆ ಬೆರಳಿನಷ್ಟು ದಪ್ಪಗಿದ್ದು ಕೂದಲಿನಷ್ಟು ತೆಳ್ಳಗಾಗುವಂತೆ ಕಾಣುತ್ತದೆ. ಅಲಿಫ್, ದಾಲ್, ರೇ, ವಾವ್ ಮೊದಲಾದ ಅಕ್ಷರಗಳು ತಮ್ಮ ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಒಂದೇ ಪದ ಎರಡು ಮೂರು ತುಂಡುಗಳಾಗಿ ಕೈಗೆ ಬರುತ್ತದೆ. ಇನ್ನು ಚುಕ್ಕಿಗಳ ಪಾಡೇನು? 'ಬೇ'ಗೆ ಒಂದು, 'ತೇ'ಗೆ ಎರಡು, 'ಶೀನ್'ಗೆ ಮೂರು. ಸಾಸಿವೆ ಕಾಳಿನಂಥ ಪ್ರತಿಯೊಂದು ಚುಕ್ಕಿಯನ್ನೂ ಬೇರೆಯಾಗಿ ಕೊರೆದು, ಬೇರೆಯಾಗಿ ಎತ್ತಿ, ಇರಬೇಕಾದ ಜಾಗದಲ್ಲೇ ಕೂರಿಸಬೇಕು. ಚುಕ್ಕಿ ಒಂದಿಷ್ಟು ಸರಿದರೆ ಪದವೇ ಬೇರೆಯಾಗುತ್ತದೆ.

ಕೊರೆದ ಅಕ್ಷರವನ್ನು ಅಂಟಿಸುವುದಂತೂ ಇನ್ನೂ ಸೂಕ್ಷ್ಮ. ಕಾಗದಕ್ಕೆ ತೇವ ತಾಗಿದರೆ ಅದು ಹಿಗ್ಗುತ್ತದೆ, ತೆಳುವಾದ ಗೆರೆ ಸುರುಳಿ ಸುತ್ತಿಕೊಳ್ಳುತ್ತದೆ. ಅಂಟು ಹೆಚ್ಚಾದರೆ ಅಂಚಿನಿಂದ ಹೊರಗೆ ಒಸರಿ ಕಲೆಯಾಗುತ್ತದೆ, ಕಡಿಮೆಯಾದರೆ ತುದಿ ಏಳುತ್ತದೆ. ಅದಕ್ಕೇ ಗಂಜಿಯಂಥ ಹದವಾದ ಪಿಷ್ಟದ ಅಂಟನ್ನು ಬಳಸುತ್ತಿದ್ದರು. ಅದು ಕೂಡಲೇ ಬಿಗಿಯುವುದಿಲ್ಲ. ಅಕ್ಷರವನ್ನು ಇಟ್ಟಮೇಲೂ ಕೂದಲೆಳೆಯಷ್ಟು ಆಚೀಚೆ ಸರಿಸಲು ಕೆಲವು ಗಳಿಗೆ ಸಿಗುತ್ತದೆ. ಆ ಕೆಲವು ಗಳಿಗೆಗಳಲ್ಲೇ ಕುಶಲಕರ್ಮಿಯ ಇಡೀ ವಿದ್ಯೆ ಅಡಗಿತ್ತು. ಕಾಗದವನ್ನೂ ಮೊದಲೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಮೊಟ್ಟೆಯ ಬಿಳಿ ಮತ್ತು ಪಟಿಕದ ಲೇಪ ಕೊಟ್ಟು, ನಯವಾದ ಕಲ್ಲಿನಿಂದ ತಿಕ್ಕಿದ ಕಾಗದ ಎಳೆ ಬಿಡದೆ, ಅಂಚು ಹರಿಯದೆ ಚೂರಿಗೆ ಒಡ್ಡಿಕೊಳ್ಳುತ್ತಿತ್ತು.

ಆಟೋಮನ್ ತುರ್ಕರು ಈ ವಿದ್ಯೆಯನ್ನು ಹೆರಾತಿನಿಂದ ಪಡೆದು ತಮ್ಮದಾಗಿಸಿಕೊಂಡರು. ಅವರಲ್ಲಿ ಇದರ ಹೆಸರು 'ಕಾತಿ'. ಕೊರೆದು ತೆಗೆದ ಅಕ್ಷರವನ್ನು ಅವರು 'ಗಂಡು' ಎಂದರು, ಅದು ಬಿಟ್ಟುಹೋದ ತೂತಿನ ಹಾಳೆಯನ್ನು 'ಹೆಣ್ಣು' ಎಂದರು. ಎರಡನ್ನೂ ಬಳಸುತ್ತಿದ್ದರು. ಗಂಡನ್ನು ಬಣ್ಣದ ಹಾಳೆಯ ಮೇಲೆ ಅಂಟಿಸಿದರೆ ಒಂದು ಕೃತಿ, ಹೆಣ್ಣಿನ ಹಿಂದೆ ಬೇರೆ ಬಣ್ಣದ ಹಾಳೆ ಇಟ್ಟರೆ ಇನ್ನೊಂದು ಕೃತಿ. ಕಸವೆಂದು ಬಿಸಾಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಹೆಣ್ಣು ಹಾಳೆಯಲ್ಲಿ ಒಂದು ತೊಡಕಿದೆ. 'ವಾವ್', 'ಮೀಮ್', 'ಫೇ' ಅಕ್ಷರಗಳ ಒಳಗಿನ ಪುಟ್ಟ ಕಣ್ಣು ಆಧಾರವಿಲ್ಲದೆ ಉದುರಿಬಿಡುತ್ತದೆ. ಅದನ್ನು ಕಾಪಾಡಿ ಮತ್ತೆ ಅಂಟಿಸಬೇಕು. ನಮ್ಮ ಕನ್ನಡದಲ್ಲೂ ಯಾರಾದರೂ ಪ್ರಯತ್ನಿಸಿ ನೋಡಬಹುದು. 'ರ' ಅಕ್ಷರದ ಹೊಟ್ಟೆ, ಸೊನ್ನೆಯ ನಡು, 'ಠ'ದೊಳಗಿನ ಚುಕ್ಕಿ ಮೊದಲು ಕೈತಪ್ಪುತ್ತವೆ. ಗಂಡು ಅಕ್ಷರ ಕೊರೆದರೆ ಒತ್ತಕ್ಷರಗಳು ಮೇಲಿನ ಅಕ್ಷರದಿಂದ ಕಳಚಿಕೊಂಡು ಬೇರೆ ತುಂಡಾಗುತ್ತವೆ. ಲಿಪಿ ಯಾವುದಾದರೂ ಕತ್ತರಿಯ ಮುಂದೆ ಅದರ ಎಲುಬು ಬಯಲಾಗುತ್ತದೆ.

ಆಟೋಮನ್ ಇತಿಹಾಸಕಾರ ಮುಸ್ತಫಾ ಆಲಿ 1587ರ ಸುಮಾರಿಗೆ ಲಿಪಿಕಾರರ ಮತ್ತು ಚಿತ್ರಕಾರರ ಚರಿತ್ರೆಯೊಂದನ್ನು ಬರೆದನು. ಅದರಲ್ಲಿ ಕಾಗದ ಕೊರೆಯುವವರಿಗೂ ಜಾಗ ಕೊಟ್ಟು, ಹೆರಾತಿನ ಶೇಖ್ ಅಬ್ದುಲ್ಲಾನನ್ನು ಈ ವಿದ್ಯೆಯ ದೊಡ್ಡ ಹೆಸರಾಗಿ ಸ್ಮರಿಸಿದನು. 17ನೇ ಶತಮಾನದ ಆರಂಭದಲ್ಲಿ ಬುರ್ಸಾ ನಗರದ ಫಖ್ರಿ ಇನ್ನೂ ಮುಂದೆ ಹೋದನು. ಅಕ್ಷರಗಳ ಜೊತೆಗೆ ಮರ, ಹೂವು, ತೋಟಗಳನ್ನೂ ಪದರ ಪದರವಾಗಿ ಕಾಗದದಲ್ಲೇ ಬೆಳೆಸಿದನು. ಸುಲ್ತಾನ್ ಮೂರನೇ ಮುರಾದನ ಸಂಪುಟವೊಂದು ಈಗ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದು, ಕತ್ತರಿಸಿ ಅಂಟಿಸಿದ ಅಕ್ಷರಗಳು ಅದರಲ್ಲಿಯೂ ಇವೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಬೈಕರಾನ ದಿವಾನಿನ ಒಂದು ಹಾಳೆಯಲ್ಲಿ ಮೂರು ಜನರ ಪಾಲಿದೆ. ಪದ್ಯ ಸುಲ್ತಾನನದು. ಅಕ್ಷರದ ರೂಪ ಲಿಪಿಕಾರನದು. ಚೂರಿ ಮತ್ತು ಅಂಟು ಮೂರನೆಯವನದು. ಮೊದಲನೆಯವನ ಹೆಸರನ್ನು ಇತಿಹಾಸ ಮರೆಯುವುದಿಲ್ಲ. ಎರಡನೆಯವನ ಹೆಸರು ಆ ಸಂಸ್ಕೃತಿಯಲ್ಲಿ ಗೌರವದಿಂದ ಉಳಿಯಿತು. ಲಿಪಿಕಾರರಿಗೆ ರಾಜರು ಬಿರುದು ಕೊಟ್ಟರು. ಮೂರನೆಯವನನ್ನು ಮಾತ್ರ ವಿದ್ವಾಂಸರು ಇಂದೂ ಊಹೆಯಲ್ಲೇ ಹುಡುಕುತ್ತಾರೆ. ವಿಚಿತ್ರವೆಂದರೆ ಮೂಲ ಬರಹದ ಮಸಿಯನ್ನು ನಾವು ಆ ಹಾಳೆಯಲ್ಲಿ ನೋಡುವುದೇ ಇಲ್ಲ. ನಮ್ಮ ಕಣ್ಣಿಗೆ ಕಾಣುವ ಪ್ರತಿಯೊಂದು ಅಂಚೂ ಆ ಮೂರನೆಯ ಕೈ ಮಾಡಿದ್ದು. ಹಾಗಾಗಿ ಮುಸ್ತಫಾ ಆಲಿ ಬರೆದಿಟ್ಟ ಆ ಕೆಲವು ಹೆಸರುಗಳು ಸಣ್ಣ ವಿಷಯವಲ್ಲ.

ನಮ್ಮ ನಾಡಿಗೂ ಕಾಗದ ಕೊರೆಯುವ ವಿದ್ಯೆ ಅಪರಿಚಿತವಾಗಿರಲಿಲ್ಲ. ಮಥುರಾ, ವೃಂದಾವನಗಳ ದೇವಾಲಯಗಳಲ್ಲಿ ಕೃಷ್ಣಲೀಲೆಯ ರಂಗೋಲಿ ಹಾಕಲು ಕೊರೆದ ಕಾಗದದ ಅಚ್ಚುಗಳನ್ನು ಬಳಸುವ 'ಸಾಂಝಿ' ಸಂಪ್ರದಾಯ ಇಂದಿಗೂ ಜೀವಂತವಾಗಿದೆ. 17ನೇ ಶತಮಾನದ ಬಿಜಾಪುರದ ಕಲಾವಿದರು ನೀರಿನ ಮೇಲೆ ತೇಲುವ ಬಣ್ಣವನ್ನು ಕಾಗದಕ್ಕೆ ಹಿಡಿಸುವ 'ಅಬ್ರಿ' ಕಲೆಯಲ್ಲಿ ಇಡೀ ಚಿತ್ರಗಳನ್ನೇ ಮೂಡಿಸಿದರು. ಬಡಕಲು ಕುದುರೆಯ ಚಿತ್ರ ಅವುಗಳಲ್ಲಿ ಪ್ರಸಿದ್ಧ. ಬಣ್ಣ ತಾಗಬಾರದ ಜಾಗವನ್ನು ಮುಚ್ಚಿಡಲು ಕತ್ತರಿಸಿದ ಕಾಗದದ ಅಚ್ಚು ಅಲ್ಲಿಯೂ ಬೇಕಾಗುತ್ತಿತ್ತು. ಆದಿಲ್‌ಶಾಹಿ ಆಸ್ಥಾನದ ಆ ಚಿತ್ರಗಳಲ್ಲಿ ಹೆಚ್ಚಿನವುಗಳನ್ನು ಮಾಡಿದವರ ಹೆಸರೂ ನಮಗೆ ಉಳಿದಿಲ್ಲ.

ಕೈಯ ಜಾಗಕ್ಕೆ ಯಂತ್ರ ಬಂದದ್ದು 19ನೇ ಶತಮಾನದ ಯುರೋಪಿನಲ್ಲಿ. ಲಂಡನ್ನಿನ ಡಾಬ್ಸ್ ಎಂಬ ಕಾಗದ ಕಂಪನಿಯ ಕೆಲಸಗಾರ ಜೋಸೆಫ್ ಆಡನ್‌ಬ್ರೂಕ್ 1834ರಲ್ಲಿ ಉಬ್ಬಚ್ಚು ಒತ್ತಿದ ಕಾಗದದ ಉಬ್ಬನ್ನು ಅರದಿಂದ ಉಜ್ಜಿದಾಗ ತೂತುಗಳು ಮೂಡಿ ಲೇಸಿನಂಥ ಕಾಗದ ಸಿಕ್ಕಿತೆಂದು ಹೇಳುತ್ತಾರೆ. ಮುಂದೆ ಉಕ್ಕಿನ ಅಲಗಿನ 'ಡೈ' ಬಂದಿತು. ಒಮ್ಮೆ ಒತ್ತಿದರೆ ಹೂವು, ಪಕ್ಷಿ, ಅಕ್ಷರ ಬೇಕಾದ ಆಕಾರದಲ್ಲಿ ಕತ್ತರಿಸಿ ಬೀಳುತ್ತಿದ್ದವು. ಜರ್ಮನಿಯಲ್ಲಿ ಅಚ್ಚಾದ ಇಂಥ ಬಣ್ಣದ ತುಣುಕುಗಳು ದೇಶ ದೇಶಗಳಿಗೆ ಹೋದವು.

ಆದರೂ ಅಂಟಿಸಲು ಕೈ ಬೇಕೇ ಬೇಕಿತ್ತು. ಅಮೆರಿಕದ ವೂಸ್ಟರ್ ಪಟ್ಟಣದ ಎಸ್ತರ್ ಹೌಲ್ಯಾಂಡ್ 1847ರಲ್ಲಿ ಓದು ಮುಗಿಸಿ ಬಂದಾಗ ಇಂಗ್ಲೆಂಡಿನಿಂದ ಬಂದ ಒಂದು ಶುಭಾಶಯ ಪತ್ರವನ್ನು ಕಂಡಳು. ಅಂಥದ್ದನ್ನೇ ಕೆಲವು ಮಾದರಿಗಳಾಗಿ ತಯಾರಿಸಿ ಅಣ್ಣನ ಕೈಯಲ್ಲಿ ಮಾರಾಟಕ್ಕೆ ಕಳಿಸಿದಳು. ಅವಳು 200 ಡಾಲರಿನ ಬೇಡಿಕೆ ಬಂದರೆ ಸಾಕೆಂದುಕೊಂಡಿದ್ದಳು, ಬಂದದ್ದು 5,000 ಡಾಲರಿಗೂ ಹೆಚ್ಚು. ಆಗ ಊರಿನ ಹೆಂಗಸರನ್ನು ಸೇರಿಸಿ ಕೆಲಸ ಹಂಚಿದಳು. ಒಬ್ಬಳು ಕತ್ತರಿಸುವುದು, ಒಬ್ಬಳು ಹಿನ್ನೆಲೆ ಹೊಂದಿಸುವುದು, ಇನ್ನೊಬ್ಬಳು ಅಂಟಿಸುವುದು. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಸಾಮಗ್ರಿಯ ಪೆಟ್ಟಿಗೆಗಳು ಮನೆಗೇ ಹೋಗುತ್ತಿದ್ದವು. ಎಸ್ತರಳ ಹೆಸರು ಅಮೆರಿಕದ ವಾಣಿಜ್ಯ ಇತಿಹಾಸದಲ್ಲಿದೆ. ಅಂಟಿನ ಬಟ್ಟಲು ಮುಂದಿಟ್ಟುಕೊಂಡು ಕೂತ ಹೆಂಗಸರನ್ನು ಇಂದು ಯಾರೂ ಹೆಸರಿಟ್ಟು ನೆನೆಯುವುದಿಲ್ಲ. ಹೆರಾತಿನ ಅರಮನೆಯಲ್ಲಿ ಆದದ್ದೇ ವೂಸ್ಟರಿನ ಮನೆಗಳಲ್ಲೂ ಆಯಿತು.

ಇಂದು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರೆ ಲೇಸರ್ ಕಿರಣ ನೂರಾರು ಕಾರ್ಡುಗಳನ್ನು ಕೊರೆದು ಹಾಕುತ್ತದೆ. ಮನೆಯಲ್ಲೇ ಕಾರ್ಡು ಮಾಡುವವರಿಗೂ ಡೈ ಒತ್ತುವ ಪುಟ್ಟ ಯಂತ್ರಗಳಿವೆ. ತೆಳುವಾದ ಪದವನ್ನು ಅಂಟಿಸುವ ಹಳೆಯ ಕಷ್ಟಕ್ಕೂ ಉಪಾಯ ಸಿಕ್ಕಿದೆ. ಕೊರೆಯುವ ಮೊದಲೇ ಕಾಗದದ ಬೆನ್ನಿಗೆ ಎರಡು ಬದಿ ಅಂಟಿನ ಹಾಳೆ ಹಚ್ಚಿದರೆ ಅಕ್ಷರದ ಜೊತೆಗೆ ಅಂಟೂ ಅದೇ ಆಕಾರದಲ್ಲಿ ಕತ್ತರಿಸಿ ಬರುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಕಾರ್ಡಂಗಡಿಗಳಲ್ಲಿ ನಿಖಾಹದ ಕರೆಯೋಲೆಗಳನ್ನು ನೋಡಿದರೆ ಒಂದಕ್ಕಿಂತ ಒಂದು ಸೊಗಸು. ಇದನ್ನು ನಾವು ಹಳಿಯಬೇಕಿಲ್ಲ. ಹಿಂದೆ ಸುಲ್ತಾನನಿಗಷ್ಟೇ ದಕ್ಕುತ್ತಿದ್ದ ಚೆಲುವು ಇಂದು ಆಟೋ ಓಡಿಸುವವನ ಮಗಳ ಮದುವೆಗೂ ದಕ್ಕಿದೆ. ಇದು ಸಂತೋಷದ ಸಂಗತಿಯೇ.

ಕಳೆದುಕೊಂಡದ್ದೂ ಇದೆ. ಮದುವೆ ಮುಗಿದ ಮರುದಿನ ಆ ಕಾರ್ಡು ಎಲ್ಲಿ ಹೋಗುತ್ತದೆ? ದೇವನಾಮವಿರುವ ಕಾಗದ ಕಾಲಡಿಗೆ ಬೀಳಬಾರದೆಂದು ನಮ್ಮ ಹಲವು ಮನೆಗಳಲ್ಲಿ ಬಿಸ್ಮಿಲ್ಲಾ ಬದಲು 786 ಎಂದು ಅಚ್ಚು ಹಾಕಿಸುವ ರೂಢಿಯುಂಟು. ದೇವನಾಮದ ಬಗ್ಗೆ ಇರುವ ಈ ಎಚ್ಚರ ಮೆಚ್ಚತಕ್ಕದ್ದು. ಆದರೆ ಉಳಿದ ಅಕ್ಷರಗಳ ಬಗ್ಗೆ? ಒಂದು ಚುಕ್ಕಿಯನ್ನು ಎತ್ತಿಡಲು ಉಸಿರು ಬಿಗಿಹಿಡಿದವರ ಕಾಲದಲ್ಲಿ ಯಾವ ಅಕ್ಷರವೂ ಅಗ್ಗವಾಗಿರಲಿಲ್ಲ. ಅಕ್ಷರ ಸುಲಭವಾದಂತೆ ಅದರ ಮೇಲಿನ ಆದರವೂ ಹಗುರವಾಗುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ತುರ್ಕಿಯಲ್ಲಿ ಮರೆಯಾಗುತ್ತಿದ್ದ ಕಾತಿ ಕಲೆಯನ್ನು ವೈದ್ಯರೂ ಕಲಾ ಇತಿಹಾಸಕಾರರೂ ಆಗಿದ್ದ ಸುಹೈಲ್ ಉನ್ವೇರ್ (1898-1986) ಮತ್ತೆ ಬೆಳಕಿಗೆ ತಂದರು. ಹಳೆಯ ಕೃತಿಗಳನ್ನು ಹುಡುಕಿ ದಾಖಲಿಸಿ, ಅವುಗಳನ್ನು ಮಾಡಿದವರ ಹೆಸರುಗಳನ್ನೂ ಎತ್ತಿ ಹೇಳಿದರು. ಇಂದು ಅಲ್ಲಿ ಆ ಕಲೆಯನ್ನು ಕಲಿಯುವವರಿದ್ದಾರೆ, ಕಲಿತವರು ತಮ್ಮ ಕೃತಿಗೆ ತಮ್ಮ ಹೆಸರು ಹಾಕುತ್ತಾರೆ. ನಮ್ಮಲ್ಲಿ ಕಾರ್ಡು ಒತ್ತುವ, ಮಡಿಸುವ, ಅಂಟಿಸುವ ಹುಡುಗ ಹುಡುಗಿಯರು ಅಂಗಡಿಯ ಹಿಂದಿನ ಕೋಣೆಗಳಲ್ಲಿ ಇದ್ದಾರೆ. ಕಾರ್ಡಿನ ಕೊನೆಯಲ್ಲಿ ಅಚ್ಚಾಗುವುದು ಮುದ್ರಣಾಲಯದ ಹೆಸರು ಮಾತ್ರ. ಅವರಿಗೆ ಬಿರುದು ಕೊಡಲು ಸುಲ್ತಾನರು ಬೇಕಿಲ್ಲ. ದುಡಿಮೆಗೆ ತಕ್ಕ ಕೂಲಿ ಕೊಟ್ಟು, ಇದನ್ನು ಮಾಡಿದವರು ಯಾರೆಂದು ಒಮ್ಮೆ ಕೇಳುವಷ್ಟು ಸೌಜನ್ಯ ನಮ್ಮಲ್ಲಿದ್ದರೆ ಸಾಕು.