ಪಿ.ಎಫ್. ಹಣ ತೆಗೆಯುವ ಮುನ್ನ: ತೆರಿಗೆ ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ



ನಮ್ಮ ಹೊಸೂರಿನ ಹುಡುಗರು ಇಲ್ಲಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಒಂದೆರಡು ವರ್ಷ, ಗಡಿಯಾಚೆ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಯಲ್ಲಿ ಒಂದೆರಡು ವರ್ಷ ಎಂದು ಕೆಲಸ ಬದಲಾಯಿಸುತ್ತಲೇ ಇರುತ್ತಾರೆ. ಬಿಟ್ಟಾಗಲೆಲ್ಲ ಅಲ್ಲಿನ ಪಿ.ಎಫ್. ತೆಗೆದು ಖರ್ಚು ಮಾಡುವುದು ರೂಢಿಯಾಗಿದೆ. ಆಮೇಲೆ ಸಂಘದ ಕಚೇರಿಗೆ ಬಂದು, "ಸಾರ್, ಪಾಸ್‌ಬುಕ್‌ನಲ್ಲಿ ಒಂದು ಲಕ್ಷ ಇತ್ತು, ಬ್ಯಾಂಕಿಗೆ ತೊಂಬತ್ತು ಸಾವಿರ ಬಂದಿದೆ, ಉಳಿದದ್ದು ಯಾರು ತಿಂದರು?" ಎಂದು ಕೇಳುತ್ತಾರೆ. ಯಾರೂ ತಿಂದಿಲ್ಲ. ಅದು ಮುಂಗಡವಾಗಿ ಹಿಡಿದ ತೆರಿಗೆ, ಅಂದರೆ ಟಿ.ಡಿ.ಎಸ್. ಗುಮಾಸ್ತನಾಗಿ ಬಹಳ ವರ್ಷ ಇಂಥ ಲೆಕ್ಕಗಳನ್ನೇ ಬರೆದವನು ನಾನು. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ. ಇದು 2025-26ರ ಹಣಕಾಸು ವರ್ಷದ ನಿಯಮ.

ಎಲ್ಲಕ್ಕೂ ಮೂಲ ಐದು ವರ್ಷದ ಲೆಕ್ಕ. ಐದು ವರ್ಷ ಸತತ ಸೇವೆ ಮುಗಿಸಿ ತೆಗೆದ ಪಿ.ಎಫ್. ಹಣಕ್ಕೆ ತೆರಿಗೆ ಇಲ್ಲ. ಅದಕ್ಕೆ ಮೊದಲೇ ತೆಗೆದರೆ ಕಂಪನಿ ಕಟ್ಟಿದ ಪಾಲು ಮತ್ತು ಅದರ ಬಡ್ಡಿ ಸಂಬಳದ ಆದಾಯವಾಗುತ್ತದೆ. ನಮ್ಮ ಪಾಲಿನ ಬಡ್ಡಿ ಇತರ ಆದಾಯಕ್ಕೆ ಸೇರುತ್ತದೆ. ನಮ್ಮ ಪಾಲಿಗೆ 80-ಸಿ ಅಡಿ ರಿಯಾಯಿತಿ ಪಡೆದಿದ್ದರೆ ಅದೂ ವಾಪಸ್ ಹೋಗುತ್ತದೆ. ಮೊತ್ತ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆದಾಯ ತೆರಿಗೆ ಕಾಯ್ದೆಯ 192-ಎ ಕಲಮಿನ ಪ್ರಕಾರ, ಕೊಡುವಾಗಲೇ ಶೇ. 10 ಹಿಡಿಯುತ್ತಾರೆ. ಪ್ಯಾನ್ ಜೋಡಿಸದಿದ್ದರೆ ಶೇ. 20. ಐವತ್ತು ಸಾವಿರದ ಒಳಗಿದ್ದರೆ ಹಿಡಿಯುವುದಿಲ್ಲ, ಆದರೆ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ತೆರಿಗೆ ಮಾಫಿ ಎಂದಲ್ಲ.

ಹೆಚ್ಚಿನವರು ಎಡವುವುದು "ಸತತ" ಎನ್ನುವ ಮಾತಿನಲ್ಲಿ. ಒಂದೇ ಕಂಪನಿಯಲ್ಲಿ ಐದು ವರ್ಷ ಇರಬೇಕು ಎಂದೇ ಎಲ್ಲರೂ ತಿಳಿದಿದ್ದಾರೆ. ಹಾಗಿಲ್ಲ. ಹಳೆಯ ಕಂಪನಿಯ ಹಣವನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಹಳೆಯ ಸೇವೆಯೂ ಕೂಡುತ್ತದೆ. ಒಬ್ಬ ಹುಡುಗ ಬೊಮ್ಮಸಂದ್ರದಲ್ಲಿ ಮೂರು ವರ್ಷ, ಆಮೇಲೆ ಸಿಪ್‌ಕಾಟಿನಲ್ಲಿ ಎರಡೂವರೆ ವರ್ಷ ದುಡಿದ ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ವರ್ಗಾಯಿಸಿದ್ದರೆ ಐದೂವರೆ ವರ್ಷವಾಯಿತು, ಒಟ್ಟು ಹಣ ತೆರಿಗೆಯಿಲ್ಲದೆ ಕೈಗೆ ಬರುತ್ತದೆ. ಮೊದಲನೆಯದನ್ನು ತೆಗೆದು ತಿಂದಿದ್ದರೆ ಅದಕ್ಕೂ ತೆರಿಗೆ, ಸಿಪ್‌ಕಾಟಿನದಕ್ಕೂ ತೆರಿಗೆ. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ತಮಿಳುನಾಡು ಎಂಬುದು ಇಲ್ಲಿ ಅಡ್ಡ ಬರುವುದಿಲ್ಲ. ರೇಷನ್ ಕಾರ್ಡಿಗೂ ಜಾತಿ ಪ್ರಮಾಣಪತ್ರಕ್ಕೂ ಗಡಿ ನಮ್ಮನ್ನು ಕಾಡುತ್ತದೆ, ಪಿ.ಎಫ್.ಗೆ ಮಾತ್ರ ದೇಶಕ್ಕೆಲ್ಲ ಒಂದೇ ಯು.ಎ.ಎನ್. ಸಂಖ್ಯೆ. ಹೊಸ ಕಂಪನಿಗೆ ಸೇರುವ ದಿನ ಆ ಸಂಖ್ಯೆಯನ್ನೇ ಕೊಡಿ. "ಗೊತ್ತಿಲ್ಲ" ಎಂದರೆ ಅವರು ಇನ್ನೊಂದನ್ನು ತೆರೆದುಬಿಡುತ್ತಾರೆ, ಎರಡನ್ನೂ ಒಂದು ಮಾಡಿಸುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ.

ಐದು ವರ್ಷ ತುಂಬದಿದ್ದರೂ ತೆರಿಗೆ ಬೀಳದ ಸಂದರ್ಭಗಳಿವೆ. ಅನಾರೋಗ್ಯದಿಂದ ಕೆಲಸ ಹೋದರೆ, ಕಾರ್ಖಾನೆ ಮುಚ್ಚಿದರೆ, ಅಥವಾ ನೌಕರನ ಕೈಮೀರಿದ ಬೇರೆ ಕಾರಣದಿಂದ ಕೆಲಸ ತಪ್ಪಿದರೆ ವಿನಾಯಿತಿ ಉಂಟು. ಕೆಲಸ ಬಿಟ್ಟ ಕಾರಣವನ್ನು ಪೋರ್ಟಲ್‌ನಲ್ಲಿ ತುಂಬುವವರು ಸಾಮಾನ್ಯವಾಗಿ ಕಂಪನಿಯವರು. ಗುತ್ತಿಗೆದಾರರ ಕಡೆಯ ಗುಮಾಸ್ತರು ಯೋಚಿಸದೆ ಎಲ್ಲರಿಗೂ "ರಾಜೀನಾಮೆ" ಎಂದು ಹಾಕಿಬಿಡುವುದುಂಟು (ನಾನೂ ಗುಮಾಸ್ತನೇ, ಆದರೂ ಹೇಳುತ್ತೇನೆ). ಕೊನೆಯ ಸಂಬಳ ತೆಗೆದುಕೊಳ್ಳುವಾಗಲೇ ಅದನ್ನು ನೋಡಿ, ತಪ್ಪಿದ್ದರೆ ಸರಿಪಡಿಸಲು ಹೇಳಿ.

ಇನ್ನು ಹೆಸರಿನ ತೊಂದರೆ. ತಮಿಳುನಾಡಿನಲ್ಲಿ ಇನಿಷಿಯಲ್ ಪದ್ಧತಿ. ಆಧಾರ್‌ನಲ್ಲಿ ಇನಿಷಿಯಲ್ ಒಂದೇ ಇರುತ್ತದೆ, ಪ್ಯಾನ್‌ನಲ್ಲಿ ಅದನ್ನು ಬಿಡಿಸಿ ತಂದೆಯ ಪೂರ್ತಿ ಹೆಸರು ಸೇರಿರುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ಯಾನ್ ಜೋಡಣೆಯಾಗುವುದಿಲ್ಲ. ಆಗ ಒಂದು ಲಕ್ಷಕ್ಕೆ ಹತ್ತು ಸಾವಿರ ಹೋಗುವಲ್ಲಿ ಇಪ್ಪತ್ತು ಸಾವಿರ ಹೋಗುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಸಿಕೊಳ್ಳಿ.

ವರ್ಷದ ಆದಾಯಕ್ಕೆ ತೆರಿಗೆಯೇ ಬಾರದವರು ಅರ್ಜಿಯ ಜೊತೆ ಫಾರಂ 15-ಜಿ ಕೊಟ್ಟರೆ ಹಿಡಿಯುವುದಿಲ್ಲ. ಅರವತ್ತು ದಾಟಿದವರಿಗೆ 15-ಎಚ್. ತೆರಿಗೆ ಬರುವವರು ಸುಳ್ಳಾಗಿ ಇದನ್ನು ಕೊಡಬಾರದು, ಅದು ಶಿಕ್ಷಾರ್ಹ. ಫಾರಂ ಕೊಡದೆ ಹಣ ಹಿಡಿದುಬಿಟ್ಟಿದ್ದಾರೆಯೇ? ಚಿಂತೆ ಬೇಡ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ನಮ್ಮ ಕಾರ್ಖಾನೆ ಹುಡುಗರಲ್ಲಿ ಹೆಚ್ಚಿನವರಿಗೆ ಹಿಡಿದದ್ದಷ್ಟೂ ಬರಬೇಕು. ಆದರೆ "ನನಗೇನು ತೆರಿಗೆ, ನಾನೇಕೆ ರಿಟರ್ನ್ ಹಾಕಲಿ" ಎಂದು ಸುಮ್ಮನಿರುವವರೇ ಜಾಸ್ತಿ. ಹತ್ತು ಸಾವಿರವೆಂದರೆ ಅವರಿಗೆ ಅರ್ಧ ತಿಂಗಳ ಬೆವರು. ಮೊದಲು ಫಾರಂ 26-ಎಎಸ್ ತೆಗೆದು ನೋಡಿ, ಹಿಡಿದ ಮೊತ್ತ ಅಲ್ಲಿ ಕಾಣುತ್ತದೆ. ಜುಲೈ 31 ತಪ್ಪಿದರೂ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು.

ನಿವೃತ್ತರಾದ ನನ್ನ ಓರಗೆಯವರಿಗೂ ಒಂದು ಮಾತು. ನಿಮ್ಮ ಪಿ.ಎಫ್. ಹಣಕ್ಕೆ ತೆರಿಗೆ ಇಲ್ಲ, ನಿಜ. ಆದರೆ "ಬಡ್ಡಿ ಚೆನ್ನಾಗಿದೆ, ಅಲ್ಲೇ ಇರಲಿ" ಎಂದು ಬಿಟ್ಟರೆ, ಕೆಲಸ ಬಿಟ್ಟ ದಿನದಿಂದ ಮುಂದೆ ಬರುವ ಬಡ್ಡಿಗೆ ತೆರಿಗೆ ಉಂಟು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹಾಗೆಂದೇ ತೀರ್ಪು ಕೊಟ್ಟಿದೆ. ಐವತ್ತೈದು ದಾಟಿ ನಿವೃತ್ತರಾದವರು ಮೂರು ವರ್ಷ ಹಣ ತೆಗೆಯದಿದ್ದರೆ ಬಡ್ಡಿಯೇ ನಿಲ್ಲುತ್ತದೆ. ಪಿಂಚಣಿಯೂ ತೆರಿಗೆಗೆ ಸೇರುವ ಆದಾಯವೇ. ಪಿ.ಎಫ್. ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದನ್ನೇ ನಂಬಿದವರಿಗೆ ತೆರಿಗೆಯ ಭಯವಂತೂ ಇಲ್ಲ.

ಸಂದೇಹವಿದ್ದವರು ಸಂಘದ ಕಚೇರಿಗೆ ಬನ್ನಿ. ಬರುವಾಗ ಆಧಾರ್, ಪ್ಯಾನ್, ಯು.ಎ.ಎನ್. ಪಾಸ್‌ಬುಕ್ ಪ್ರತಿ, ಹಿಂದಿನ ಎಲ್ಲ ಕಂಪನಿಗಳಿಗೆ ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ತನ್ನಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಓ.ಟಿ.ಪಿ. ಅದಕ್ಕೇ ಬರುವುದು. ಆ ಸಂಖ್ಯೆಯನ್ನು ಮಾತ್ರ ನನಗೂ ಹೇಳಬೇಡಿ, ನೀವೇ ಒತ್ತಿ.

ಕಾರ್ಯದರ್ಶಿ