ದಿಣ್ಣೆಯ ಮೇಲಿನ ಊರಿಗೆ ನೀರು ಬಂದ ಬಗೆ

ಹೆಸರಾಂತ ನಗರಗಳಲ್ಲಿ ಬಹುಪಾಲು ನದೀತೀರದಲ್ಲಿ ಹುಟ್ಟಿ ಬೆಳೆದವು. ಬೆಂಗಳೂರಿಗೆ ಆ ಭಾಗ್ಯವಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರ್ ಎತ್ತರದ ದಿಣ್ಣೆಯೊಂದರ ಬೆನ್ನಿನ ಮೇಲೆ ಅದು ಕುಳಿತಿದೆ. ಈ ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಬಂದ ನೀರು ನಿಲ್ಲದ ನೆಲವಿದು. ಈ ಒಂದು ಸಂಗತಿಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡರೆ ನಗರದ ನೀರಿನ ಚರಿತ್ರೆಯೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಕ್ರಿ. ಶ. ಒಂಬತ್ತನೆಯ ಶತಮಾನದಷ್ಟು ಹಿಂದೆಯೇ, ಇಂದು ನಗರದೊಳಗೆ ಅಡಗಿಹೋಗಿರುವ ಅಗರ ಗ್ರಾಮದ ಗಂಗರ ಕಾಲದ ಶಾಸನವು ಕೆರೆಗಳಿಗೆ ತೂಬು ಇಡಿಸಿದ ಸಂಗತಿಯನ್ನು ಹೇಳುತ್ತದೆ. ೧೫೩೭ರಲ್ಲಿ ಕೆಂಪೇಗೌಡರು ಊರು ಕಟ್ಟಿದರೆಂದು ಎಲ್ಲರೂ ಬಲ್ಲರು. ಊರಿನೊಡನೆ ಕೆರೆಗಳನ್ನೂ ಕಟ್ಟಿದ್ದು ಅಷ್ಟೇ ಮುಖ್ಯವಾದದ್ದು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಬೀಳುವಂತೆ ಸರಪಣಿಯಾಗಿ ಹಬ್ಬಿದವು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಕೆರೆಯನ್ನು ಬಲ್ಲ ನಮ್ಮ ಭಕ್ತರಿಗೆ ಕೆರೆ ಕಟ್ಟುವ ಕಾಯಕದ ಹಿರಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆ, ಅದನ್ನು ಕಾಪಾಡಲು ಬಿತ್ತುವಟ್ಟ, ತೂಬು ಕಾಯಲು ನೀರುಗಂಟಿ. ಹೀಗೆ ಆ ವ್ಯವಸ್ಥೆಯಲ್ಲಿ ನೀರಿಗೊಬ್ಬ ಒಡೆಯನೂ ಒಬ್ಬ ಕಾವಲುಗಾರನೂ ಇದ್ದರು. ಹೂಳು ತೆಗೆಯುವುದು ಊರವರ ಹೊಣೆಯಾಗಿತ್ತು.

೧೮೭೬-೭೮ರ ಮಹಾಕ್ಷಾಮವು ಈ ಏರ್ಪಾಡಿನ ಮಿತಿಯನ್ನು ತೋರಿಸಿತು. ಮಳೆ ಕೈಕೊಟ್ಟರೆ ಸರಪಣಿಯೆಲ್ಲವೂ ಬರಿದು. ಪೇಟೆಯೂ ದಂಡು ಪ್ರದೇಶವೂ ಬೆಳೆದಂತೆ ಕೆರೆಗಳಿಗೆ ಹೊಲಸೂ ಸೇರತೊಡಗಿತು. ಆಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ವಾಯವ್ಯಕ್ಕಿದ್ದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಜಲಾಶಯವನ್ನು ೧೮೯೪ರಲ್ಲಿ ಕೈಗೊಂಡಿತು. ೧೮೯೬ರ ಹೊತ್ತಿಗೆ ನಗರಕ್ಕೆ ನೀರು ಬಂದಿತು. ಜಲಾಶಯದಿಂದ ಸೋಲದೇವನಹಳ್ಳಿಯವರೆಗೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತಿತ್ತು. ಅಲ್ಲಿಂದ ಉಗಿಯಂತ್ರಗಳು ಅದನ್ನು ಮೇಲಕ್ಕೆತ್ತಿ ಮಲ್ಲೇಶ್ವರದ ಬಳಿಯ ಶೋಧಕಗಳಿಗೆ ಮುಟ್ಟಿಸುತ್ತಿದ್ದವು. ದಿಣ್ಣೆಯ ಊರಿಗೆ ನೀರನ್ನು ದೂರದಿಂದ ಎತ್ತಿ ತರುವ ಕಾರ್ಯ ಅಂದು ಆರಂಭವಾದದ್ದು ಇಂದಿಗೂ ನಿಂತಿಲ್ಲ.

ಇಲ್ಲಿ ತಾವು ಒಂದು ಕ್ಷಣ ನಿಲ್ಲಬೇಕು. ನಲ್ಲಿ ಬಂದ ಮೇಲೆ ಕೆರೆಯ ಗತಿ ಏನಾಯಿತು? ಅದನ್ನು ಯಾರೂ ದ್ವೇಷದಿಂದ ಕೊಲ್ಲಲಿಲ್ಲ. ಅದರ ಅಗತ್ಯ ಕಾಣದಾಯಿತು, ಅಷ್ಟೆ. ನೀರು ಕುಡಿಯದವನಿಗೆ ಕೆರೆ ಬರಿಯ ತಗ್ಗು ಭೂಮಿ, ಅದೂ ನಗರದ ನಡುವಿನ ಬೆಲೆಯುಳ್ಳ ಭೂಮಿ. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಮಠದ ವಿದ್ಯಾರ್ಥಿನಿಲಯಗಳಿಂದ ಊರಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಬಸ್ಸಿಗಾಗಿ ಕಾದ ಹಳೆಯ ವಿದ್ಯಾರ್ಥಿಗಳು ತಾವು ನಿಂತದ್ದು ಕೆರೆಯ ತಳದಲ್ಲೆಂಬುದನ್ನು ಅರಿತಿದ್ದರೋ ಇಲ್ಲವೋ!

ಹೆಸರಘಟ್ಟವೂ ಬಹುಕಾಲ ಸಾಲಲಿಲ್ಲ. ೧೯೨೦ರ ದಶಕದಲ್ಲಿ ಸಾಲುಸಾಲಾಗಿ ಮಳೆ ಕುಗ್ಗಿ ಜಲಾಶಯ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯು ಅರ್ಕಾವತಿ, ಕುಮುದ್ವತಿಗಳ ಸಂಗಮದ ತಿಪ್ಪಗೊಂಡನಹಳ್ಳಿಯನ್ನು ಆರಿಸಿತು. ೧೯೩೩ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಆದರೆ ಊರು ಕಾದು ನಿಲ್ಲಲಿಲ್ಲ. ವಿಮಾನ, ದೂರವಾಣಿ ಕಾರ್ಖಾನೆಗಳು ಬಂದವು. ೧೯೪೧ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ ೧೯೫೧ರ ಜನಗಣತಿಯಲ್ಲಿ ೭.೭೯ ಲಕ್ಷಕ್ಕೇರಿತು.

ಉಳಿದದ್ದು ಕಾವೇರಿಯೊಂದೇ. ೧೯೬೪ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪಿತವಾಗಿ, ೧೯೭೪ರಲ್ಲಿ ಮೊದಲ ಹಂತದ ನೀರು ದಿನಕ್ಕೆ ೧೩.೫ ಕೋಟಿ ಲೀಟರಿನಂತೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಕೊಟ್ಟದ್ದು ಶಿವನಸಮುದ್ರದ ವಿದ್ಯುತ್ತು. ನೀರನ್ನೂ ಆ ಸೀಮೆಯಿಂದಲೇ ತರಬೇಕಾಯಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರ ಏರಬೇಕು. ಮಂಡಳಿಯ ವರಮಾನದ ದೊಡ್ಡ ಪಾಲು ವಿದ್ಯುತ್ತಿಗೇ ಸಂದಾಯವಾಗುವುದರಲ್ಲಿ ಆಶ್ಚರ್ಯವೇನಿದೆ? ೧೯೮೨, ೧೯೯೩, ೨೦೦೨, ೨೦೧೨ರಲ್ಲಿ ಮುಂದಿನ ಹಂತಗಳು ಬಂದು ಒಟ್ಟು ಪ್ರಮಾಣ ದಿನಕ್ಕೆ ಸುಮಾರು ೧೪೫ ಕೋಟಿ ಲೀಟರಿಗೆ ಮುಟ್ಟಿತು. ಇತ್ತ ಹೊಲಸು ಸೇರಿ ತಿಪ್ಪಗೊಂಡನಹಳ್ಳಿಯ ನೀರು ಕುಡಿಯಲು ಬಾರದಾಯಿತು. ದೂರದ ನೀರು ಹೆಚ್ಚಿದಷ್ಟೂ ಹತ್ತಿರದ ನೀರು ಕೆಟ್ಟಿತೆಂಬ ಮಾತು ಕಹಿಯಾದರೂ ಅಲ್ಲಗಳೆಯಲಾಗದು.

ಈಗ ಆ ದಿಣ್ಣೆಯ ವಿಷಯಕ್ಕೆ ಬರೋಣ. ೨೦೦೭ರಲ್ಲಿ ಕಾವೇರಿ ನ್ಯಾಯಮಂಡಳಿಯು ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆಯೆಂದು ಎಣಿಸಿತು; ಅವಶ್ಯಕತೆಯ ಅರ್ಧ ಅಂತರ್ಜಲದಿಂದಲೇ ಪೂರೈಸೀತೆಂದೂ ಭಾವಿಸಿತು. ಅಂತೆಯೇ ಕುಡಿಯುವ ನೀರಿಗೆ ಕೊಟ್ಟದ್ದು ೧.೭೫ ಟಿ.ಎಂ.ಸಿ. ಮಾತ್ರ. ೨೦೧೮ರ ಫೆಬ್ರುವರಿ ೧೬ರಂದು ಸುಪ್ರೀಂ ಕೋರ್ಟು ಈ ಎಣಿಕೆಯನ್ನು ಒಪ್ಪದೆ ಇಡೀ ನಗರಕ್ಕಾಗಿ ೪.೭೫ ಟಿ.ಎಂ.ಸಿ. ಹೆಚ್ಚಿಸಿತು. ಇದು ನ್ಯಾಯವೇ ಸರಿ. ಆದರೆ ನ್ಯಾಯಮಂಡಳಿ ನಂಬಿದ ಆ ಅಂತರ್ಜಲವನ್ನು ತುಂಬುತ್ತಿದ್ದವರು ಯಾರು? ನಾವು ಮುಚ್ಚಿದ ಕೆರೆಗಳೇ. ೨೦೨೪ರ ಬೇಸಗೆಯಲ್ಲಿ ನಗರದ ಸುಮಾರು ಹದಿನಾಲ್ಕು ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವೆಂದು ಸರ್ಕಾರವೇ ಹೇಳಿತು. ಹೆಚ್ಚು ಬವಣೆಪಟ್ಟವರು ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಹಳ್ಳಿಗಳವರು. ಹೆಸರಿಗೆ ನಗರವಾಸಿಗಳಾಗಿ, ಟ್ಯಾಂಕರಿನ ದಾರಿ ನೋಡುತ್ತಿದ್ದವರು. ಅದೇ ವರ್ಷದ ಅಕ್ಟೋಬರಿನಲ್ಲಿ ಐದನೆಯ ಹಂತದ ೭೭.೫ ಕೋಟಿ ಲೀಟರ್ ನೀರು ಅವರಿಗಾಗಿ ಬಂದಿತು.

ಮಳೆಕೊಯ್ಲನ್ನು ೨೦೦೯ರಲ್ಲಿ ಕಾನೂನು ಕಡ್ಡಾಯ ಮಾಡಿತು. ಕಡ್ಡಾಯವಾದದ್ದೆಲ್ಲ ಆಚರಣೆಗೆ ಬರುವುದಾದರೆ ಈ ಲೇಖನದ ಅವಶ್ಯಕತೆಯೇ ಇರುತ್ತಿರಲಿಲ್ಲ.

ಇನ್ನೊಂದು ಪ್ರಯತ್ನವನ್ನು ಹೇಳಲೇಬೇಕು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿ ಮಾಡಿ ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಕಳಿಸಲಾಗುತ್ತಿದೆ; ದಿನಕ್ಕೆ ೪೪ ಕೋಟಿ ಲೀಟರಿನ ಯೋಜನೆಯಿದು. ಬತ್ತಿದ ಕೆರೆಗಳು ತುಂಬಿ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೇರಿತು. ಜತೆಗೇ ರೈತರಲ್ಲಿ ಅನೇಕರು ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ನೆಲದೊಳಗಿಳಿಯಬಾರದೆಂದು ಹಟ ಹಿಡಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾವೇರಿಯಿಂದ ದಿಣ್ಣೆಯನ್ನೇರಿ, ಬೆಂಗಳೂರಿನ ಮನೆಗಳಲ್ಲಿ ಬಳಕೆಯಾಗಿ, ಮೂಡಣಕ್ಕಿಳಿದು ಕೋಲಾರದ ಕೆರೆ ಸೇರುವ ಆ ನೀರನ್ನು ಯಾವ ಮಟ್ಟಕ್ಕೆ ಶುದ್ಧಗೊಳಿಸಬೇಕು, ಅದರ ವೆಚ್ಚವನ್ನು ನಗರ ಹೊರಬೇಕೋ ಹಳ್ಳಿ ಹೊರಬೇಕೋ ಎಂಬ ಪ್ರಶ್ನೆಯನ್ನು ಅಲ್ಲಿಯ ರೈತರು ಕೈಬಿಟ್ಟಿಲ್ಲ.